ಕಿಲೋವ್ಯಾಟ್ ಜಾಸ್ತಿ ಆಯ್ತು, ಅಂಚಿನ ಕಥೆ ಏನು?

ಬೆಂಗಳೂರಿನ ಪೀಣ್ಯದ ಲೇಸರ್ ಕಟಿಂಗ್ ಅಂಗಡಿಗಳ ಬೋರ್ಡುಗಳನ್ನು ಸುಮ್ನೆ ಓದುತ್ತಾ ಹೋಗಿ. ಎಂ.ಎಸ್. (ಮೈಲ್ಡ್ ಸ್ಟೀಲ್), ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಜೊತೆಗೆ ಈಗ ಅಲ್ಯೂಮಿನಿಯಂ ಎಂದೂ ಬರೆದಿರುತ್ತದೆ. ಪಕ್ಕದಲ್ಲೇ ಮಷೀನಿನ ಪವರ್: 3 ಕಿಲೋವ್ಯಾಟ್, 6 ಕಿಲೋವ್ಯಾಟ್, 12 ಕಿಲೋವ್ಯಾಟ್. ಗಿರಾಕಿ ಮೊದಲು ಕೇಳುವುದೂ ಅದನ್ನೇ, ಮಾಲೀಕರು ಹೆಮ್ಮೆಯಿಂದ ಹೇಳುವುದೂ ಅದನ್ನೇ.

ಹಗುರ ಲೋಹಕ್ಕೆ ಬೇಡಿಕೆ ಬಂದಿರುವುದು ಸುಳ್ಳಲ್ಲ. ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಪೆಟ್ಟಿಗೆ, ಡ್ರೋನ್ ಫ್ರೇಮ್, ಇನ್ವರ್ಟರ್ ಕವಚ, ಎಲ್ಲಕ್ಕೂ ಅಲ್ಯೂಮಿನಿಯಂ ಬೇಕು. ಬೆಂಗಳೂರಿಗೆ ವಿಮಾನದ ಕೆಲಸವೂ ಹೊಸದಲ್ಲ, ಎಚ್‌ಎಎಲ್ ಇಲ್ಲಿ 1940ರಿಂದ ಇದೆ. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳಿಗೆಂದೇ ವಿಶೇಷ ಆರ್ಥಿಕ ವಲಯ ಇದೆ. 2024ರಲ್ಲಿ ಏರ್‌ಬಸ್ ಎ220 ವಿಮಾನದ ಬಾಗಿಲು ತಯಾರಿಸುವ ಗುತ್ತಿಗೆ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್‌ಗೆ ಸಿಕ್ಕಿತು. ಇಂಥ ಸುದ್ದಿ ಬಂದಾಗೆಲ್ಲ ಸಣ್ಣ ಕಾರ್ಖಾನೆಯವರಿಗೆ ಒಂದೇ ಲೆಕ್ಕ ಹೊಳೆಯುತ್ತದೆ: ದೊಡ್ಡ ಮಷೀನು ಹಾಕಿದರೆ ನಮಗೂ ಈ ಕೆಲಸ ಬರಬಹುದು, ಅಲ್ವಾ?

ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಬರುವುದು ಕಿಲೋವ್ಯಾಟ್‌ನಿಂದಲ್ಲ. ಅಲ್ಯೂಮಿನಿಯಂ, ಟೈಟಾನಿಯಂ, ಮೆಗ್ನೀಸಿಯಂ ಕತ್ತರಿಸುವುದು ಈಗ ದೊಡ್ಡ ಸಮಸ್ಯೆಯೇ ಅಲ್ಲ. ಕತ್ತರಿಸಿದ ಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ದಪ್ಪದ ಒಂದು ಪದರ ಉಳಿಯುತ್ತದೆ. ಅದು ಹೇಗಿದೆ ಅನ್ನುವುದರ ಮೇಲೆ ಕೆಲಸದ ಬೆಲೆ ನಿಂತಿದೆ. ಒಂದೇ ಮಷೀನಿನಲ್ಲಿ ಕತ್ತರಿಸಿದ ಎರಡು ತುಂಡುಗಳಲ್ಲಿ ಒಂದು ಅಗ್ಗವಾಗಿ ಕಿಲೋ ಲೆಕ್ಕದಲ್ಲಿ ಹೋಗುತ್ತದೆ, ಇನ್ನೊಂದು ಒಳ್ಳೆ ಬೆಲೆಗೆ ಪೀಸ್ ಲೆಕ್ಕದಲ್ಲಿ. ವ್ಯತ್ಯಾಸ ಇರುವುದು ಆ ಪದರದಲ್ಲಿ.

ಬೆಳಕನ್ನು ವಾಪಸ್ ಕಳಿಸುವ ಲೋಹ

ಲೇಸರ್ ಕಟಿಂಗ್ ಶುರುವಾದದ್ದು ಕಬ್ಬಿಣದಿಂದ. 1967ರಲ್ಲಿ ಇಂಗ್ಲೆಂಡಿನ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಲ್ಲಿ ಪೀಟರ್ ಹೌಲ್ಡ್‌ಕ್ರಾಫ್ಟ್ ಎಂಬ ಇಂಜಿನಿಯರ್ ಬರೀ 300 ವ್ಯಾಟ್ ಲೇಸರ್‌ನಿಂದ 1 ಮಿ.ಮೀ. ಉಕ್ಕಿನ ಶೀಟ್ ಕತ್ತರಿಸಿದರು. ಆ ಕೆಲಸದಲ್ಲಿ ಲೇಸರ್ ಒಂದೇ ಇರಲಿಲ್ಲ, ಅದರ ಜೊತೆಗೆ ಆಮ್ಲಜನಕದ ಧಾರೆಯೂ ಇತ್ತು. ಬಿಸಿಯಾದ ಕಬ್ಬಿಣ ಆಮ್ಲಜನಕ ಸಿಕ್ಕರೆ ತಾನೇ ಉರಿಯುತ್ತದೆ, ಕತ್ತರಿಸಲು ಬೇಕಾದ ಶಾಖದ ದೊಡ್ಡ ಪಾಲನ್ನು ಅದೇ ಕೊಡುತ್ತದೆ. ಎಂ.ಎಸ್. ಶೀಟಿಗೆ ಇವತ್ತಿಗೂ ಅನೇಕ ಕಡೆ ಇದೇ ವಿಧಾನ.

ಅಲ್ಯೂಮಿನಿಯಂ ಇದಕ್ಕೆ ಒಗ್ಗುವುದಿಲ್ಲ. ಮೊದಲ ತಕರಾರು ಬೆಳಕಿನದು. ಆಗ ಎಲ್ಲ ಕಡೆ ಇದ್ದದ್ದು ಕಾರ್ಬನ್ ಡೈಆಕ್ಸೈಡ್ ಲೇಸರ್. 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಕಂಡುಹಿಡಿದವರು ಸಿ. ಕುಮಾರ್ ಪಟೇಲ್, ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಅದರ ಬೆಳಕಿನ ತರಂಗಾಂತರ 10.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ನುಣುಪಾದ ಅಲ್ಯೂಮಿನಿಯಂ ಮೇಲೆ ಈ ಬೆಳಕು ಬಿದ್ದರೆ ನೂರಕ್ಕೆ 97-98 ಪಾಲು ಹಾಗೇ ವಾಪಸ್ ಹೋಗುತ್ತದೆ. ಹೀರಿಕೊಳ್ಳುವುದು ಎರಡೋ ಮೂರೋ ಪಾಲು ಮಾತ್ರ.

ಫೈಬರ್ ಲೇಸರ್ ಬಂದ ಮೇಲೆ ಆಟ ಬದಲಾಯಿತು. ಇಟರ್ಬಿಯಂ ಬೆರೆಸಿದ ಗಾಜಿನ ಎಳೆಯಲ್ಲಿ ಹುಟ್ಟುವ ಈ ಬೆಳಕಿನ ತರಂಗಾಂತರ ಸುಮಾರು 1.07 ಮೈಕ್ರಾನ್. ಇದನ್ನು ಅಲ್ಯೂಮಿನಿಯಂ ನೂರಕ್ಕೆ ಐದಾರು ಪಾಲು ಹೀರುತ್ತದೆ. ಕೇಳಲು ಸಣ್ಣ ಸಂಖ್ಯೆ, ಆದರೆ ಹಳೆಯದರ ಎರಡರಷ್ಟು. ಒಮ್ಮೆ ಲೋಹ ಕರಗಿತೆಂದರೆ ಇನ್ನೂ ಜಾಸ್ತಿ ಹೀರುತ್ತದೆ. ಸಣ್ಣ ಗುಳಿ ಬಿದ್ದರೆ ಬೆಳಕು ಅದರ ಗೋಡೆಗಳಿಗೆ ಬಡಿದು ಬಡಿದು ಒಳಗೇ ಖರ್ಚಾಗುತ್ತದೆ. ಹಾಗಾಗಿ ಕಷ್ಟ ಇರುವುದು ಮೊದಲ ಕ್ಷಣದಲ್ಲಿ, ಆಪರೇಟರ್‌ಗಳು ಪಿಯರ್ಸಿಂಗ್ ಅನ್ನುವ ಆ ಮೊದಲ ತೂತಿನಲ್ಲಿ. ಆ ಹೊತ್ತಿಗೆ ವಾಪಸ್ ಬಂದ ಬೆಳಕು ಲೆನ್ಸ್ ದಾಟಿ ಫೈಬರ್ ಒಳಗೇ ನುಗ್ಗಿ ಮಷೀನನ್ನೇ ಕೆಡಿಸಿಬಿಡುವ ಭಯ ಮೊದಲು ಇತ್ತು. ಈಗಿನ ಮಷೀನುಗಳಲ್ಲಿ ಅದಕ್ಕೆ ತಡೆ ಇರುತ್ತದೆ.

ನೀಲಿ ಲೇಸರ್, ಹಸಿರು ಲೇಸರ್ ಅಂತ ಈಚೆಗೆ ತುಂಬಾ ಪ್ರಚಾರ ಇದೆ. ತಾಮ್ರಕ್ಕೆ ಅದು ನಿಜವಾಗಿ ದೊಡ್ಡ ಉಪಕಾರ. ಅಲ್ಯೂಮಿನಿಯಂಗೆ ಅಷ್ಟು ಲಾಭ ಇಲ್ಲ. ಅದು ಬೆಳಕನ್ನು ಚೆನ್ನಾಗಿ ಹೀರುವುದು 0.8 ಮೈಕ್ರಾನ್ ಸುತ್ತಮುತ್ತ, ಅಂದರೆ ಕಣ್ಣಿಗೆ ಕಾಣುವ ಕೆಂಪಿನ ಆಚೆ. ಸೇಲ್ಸ್‌ನವರು ಎರಡೂ ಲೋಹಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಸ್ವಲ್ಪ ತಡೆದು ಕೇಳುವುದು ಒಳ್ಳೆಯದು.

300 ವ್ಯಾಟ್ ಕೆಲಸಕ್ಕೆ 4,000 ವ್ಯಾಟ್

ಒಂದು ಲೆಕ್ಕ ಮಾಡಿ ನೋಡೋಣ. 3 ಮಿ.ಮೀ. ಅಲ್ಯೂಮಿನಿಯಂ ಶೀಟನ್ನು ನಿಮಿಷಕ್ಕೆ 10 ಮೀಟರ್ ವೇಗದಲ್ಲಿ ಕತ್ತರಿಸುತ್ತಿದ್ದೇವೆ, ಕಟಿಂಗ್‌ನ ಅಗಲ 0.2 ಮಿ.ಮೀ. ಅಂದುಕೊಳ್ಳಿ. ಸೆಕೆಂಡಿಗೆ ಕರಗಬೇಕಾದ ಲೋಹ ಸುಮಾರು ಕಾಲು ಗ್ರಾಂ. ಅದನ್ನು 660 ಡಿಗ್ರಿಗೆ ಏರಿಸಿ ಕರಗಿಸಲು ಬೇಕಾಗುವುದು ಹೆಚ್ಚುಕಡಿಮೆ 300 ವ್ಯಾಟ್. ಇಸ್ತ್ರಿಪೆಟ್ಟಿಗೆಗೆ ಬೇಕಾಗುವುದಕ್ಕಿಂತಲೂ ಕಡಿಮೆ! ಆದರೂ ಆ ವೇಗ ಬೇಕಾದರೆ 4 ಕಿಲೋವ್ಯಾಟ್ ಆಸುಪಾಸಿನ ಮಷೀನು ಬೇಕು. ಉಳಿದದ್ದರಲ್ಲಿ ಒಂದಿಷ್ಟು ವಾಪಸ್ ಹೋಗುತ್ತದೆ, ಒಂದಿಷ್ಟು ಸೀಳಿನ ಮೂಲಕ ಕೆಳಗೆ ಇಳಿದುಹೋಗುತ್ತದೆ, ಒಂದಿಷ್ಟನ್ನು ಶೀಟು ಅಕ್ಕಪಕ್ಕಕ್ಕೆ ಹಂಚಿಬಿಡುತ್ತದೆ. 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಶಾಖವನ್ನು ಸಾಗಿಸುವುದು ಮೈಲ್ಡ್ ಸ್ಟೀಲ್‌ಗಿಂತ ಮೂರು ಪಟ್ಟು ಚುರುಕಾಗಿ, ಎಸ್.ಎಸ್. 304ಕ್ಕಿಂತ ಹತ್ತು ಪಟ್ಟು ಚುರುಕಾಗಿ.

ಇಲ್ಲಿ ಹೆಚ್ಚಿನ ಪವರ್‌ನ ನಿಜವಾದ ಉಪಯೋಗ ಕಾಣುತ್ತದೆ. ಪವರ್ ಜಾಸ್ತಿ ಇದ್ದರೆ ವೇಗ ಜಾಸ್ತಿ ಮಾಡಬಹುದು. ವೇಗ ಜಾಸ್ತಿ ಆದರೆ ಶಾಖ ಪಕ್ಕಕ್ಕೆ ಹರಡಲು ಸಮಯ ಸಿಗುವುದಿಲ್ಲ. ಆದ್ದರಿಂದ ದೊಡ್ಡ ಮಷೀನು ದಂಡ ಅಂತ ಯಾರೂ ತಿಳಿಯಬಾರದು. ಆದರೆ 12 ಕಿಲೋವ್ಯಾಟ್ ತಂದು ಅದರಲ್ಲಿ ದಪ್ಪ ಪ್ಲೇಟುಗಳನ್ನು ನಿಧಾನವಾಗಿ ಎಳೆಯುತ್ತಾ ಕೂತರೆ ಈ ಲಾಭ ಅಷ್ಟೂ ಹೋಯಿತು.

ಕರಗಿಸಿದ್ದನ್ನು ಹೊರಗೆ ತಳ್ಳುವವರು ಯಾರು? ಗ್ಯಾಸ್. ಅಲ್ಯೂಮಿನಿಯಂಗೆ ಸಾಮಾನ್ಯವಾಗಿ ನೈಟ್ರೋಜನ್, ಅದೂ 10ರಿಂದ 20 ಬಾರ್ ಒತ್ತಡದಲ್ಲಿ. ಮಷೀನಿನ ಬೆಲೆಯ ಬಗ್ಗೆ ತಾಸುಗಟ್ಟಲೆ ಚೌಕಾಸಿ ಮಾಡುವವರು ಗ್ಯಾಸಿನ ಲೆಕ್ಕವನ್ನು ಮರೆತುಬಿಡುತ್ತಾರೆ. 2 ಮಿ.ಮೀ. ನಾಜಲ್‌ನಿಂದ 15 ಬಾರ್‌ನಲ್ಲಿ ನೈಟ್ರೋಜನ್ ಬಿಟ್ಟರೆ ಗಂಟೆಗೆ ಸುಮಾರು 35 ಘನ ಮೀಟರ್ ಹೋಗುತ್ತದೆ. ಮಾಮೂಲಿ ದೊಡ್ಡ ಸಿಲಿಂಡರ್‌ನಲ್ಲಿ ಇರುವುದು 7 ಘನ ಮೀಟರ್. ಅಂದರೆ ಒಂದು ಸಿಲಿಂಡರ್ 12 ನಿಮಿಷಕ್ಕೆ ಖಾಲಿ! ಅದಕ್ಕೇ ಅಲ್ಯೂಮಿನಿಯಂ ಕೆಲಸ ಜಾಸ್ತಿ ಇರುವವರು ಲಿಕ್ವಿಡ್ ನೈಟ್ರೋಜನ್ ಟ್ಯಾಂಕ್ ಹಾಕಿಸುತ್ತಾರೆ, ಇಲ್ಲವೇ ಕಾಂಪ್ರೆಸರ್ ಗಾಳಿಗೆ ಹೋಗುತ್ತಾರೆ. ಗಾಳಿಯಲ್ಲಿ ಹೇಗೂ ನೂರಕ್ಕೆ 78 ಪಾಲು ನೈಟ್ರೋಜನ್ ತಾನೇ. ತೆಳು ಶೀಟಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಆ ಗಾಳಿಯಲ್ಲಿ ಎಣ್ಣೆ, ತೇವ ಇರಬಾರದು. ಡ್ರೈಯರ್, ಫಿಲ್ಟರ್ ಹಾಕದೆ ಉಳಿಸಿದ ದುಡ್ಡು ಕಟಿಂಗ್ ಹೆಡ್ಡಿನೊಳಗಿನ ರಕ್ಷಣಾ ಗಾಜು ಬದಲಿಸುವುದರಲ್ಲೇ ಹೋಗಿಬಿಡುತ್ತದೆ.

ಗ್ಯಾಸ್ ಎಷ್ಟು ಜೋರಾಗಿ ತಳ್ಳಿದರೂ ಅಲ್ಯೂಮಿನಿಯಂನ ಹಟ ಬೇರೆ. ಕತ್ತರಿಸಿದ ತುಂಡನ್ನು ಕೈಗೆ ತಗೊಂಡು ಕೆಳಗಿನ ಅಂಚಿನ ಮೇಲೆ ಬೆರಳು ಆಡಿಸಿ, ಹುಷಾರಾಗಿ. ಮೇಲಿನ ಅರ್ಧ ನುಣ್ಣಗಿರುತ್ತದೆ, ಸಣ್ಣ ಸಣ್ಣ ಗೆರೆಗಳು ನೇರವಾಗಿ ಇಳಿದಿರುತ್ತವೆ. ಕೆಳಗೆ ಬಂದ ಹಾಗೆ ಗೆರೆಗಳು ಹಿಂದಕ್ಕೆ ಬಾಗುತ್ತವೆ, ಕೊನೆಯಲ್ಲಿ ಗರಗಸದ ಹಲ್ಲಿನಂತೆ ಬರ್, ಅಂದರೆ ಅಂಚಿಗೆ ಅಂಟಿದ ಚೂಪು ಲೋಹದ ಚೂರು, ನೇತಾಡುತ್ತಿರುತ್ತದೆ. ಕಾರಣ ಸರಳ. ಲೋಹ ಕರಗುವುದು 660 ಡಿಗ್ರಿಗೆ, ಅದರ ಮೇಲೆ ಕ್ಷಣದಲ್ಲಿ ಕಟ್ಟಿಕೊಳ್ಳುವ ಆಕ್ಸೈಡ್ ಕೆನೆ ಕರಗುವುದು 2,000 ಡಿಗ್ರಿ ದಾಟಿದ ಮೇಲೆ. ಒಳಗೆ ನೀರಾಗಿದ್ದರೂ ಹೊರಗೆ ಚರ್ಮ ಇದ್ದೇ ಇರುತ್ತದೆ. ಹನಿ ಬಿಟ್ಟುಹೋಗದೆ ಅಂಚಿಗೇ ಅಂಟಿ ಗಟ್ಟಿಯಾಗುತ್ತದೆ. ಆಮ್ಲಜನಕ ಬಿಟ್ಟರೆ ಈ ಚರ್ಮ ಇನ್ನೂ ದಪ್ಪ ಆಗುತ್ತದೆ, ಅಷ್ಟೇ.

ಕಣ್ಣಿಗೆ ಕಾಣದ ಅಂಚು

ಬರ್ ಕಣ್ಣಿಗೆ ಕಾಣುವ ದೋಷ. ಡಿಬರಿಂಗ್ ಮಷೀನಿಗೆ ಹಾಕಿದರೆ ಹೋಗುತ್ತದೆ. ದೊಡ್ಡ ತಂಟೆ ಇರುವುದು ಕಾಣದ ಕಡೆ.

ಶಕ್ತಿ ಬೇಕಾದ ಅಲ್ಯೂಮಿನಿಯಂ ಅಂದರೆ ಬರೀ ಅಲ್ಯೂಮಿನಿಯಂ ಅಲ್ಲ. 1906ರಲ್ಲಿ ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ಲೋಹತಜ್ಞ ಸ್ವಲ್ಪ ತಾಮ್ರ, ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಬಿಸಿ ಮಾಡಿ ನೀರಿಗೆ ಅದ್ದಿ ಅಳೆಯುತ್ತಿದ್ದ. ವಾರದ ಕೊನೆಗೆ ಮೆತ್ತಗಿದ್ದ ತುಂಡು ಸೋಮವಾರ ಬಂದು ನೋಡುವ ಹೊತ್ತಿಗೆ ಗಟ್ಟಿಯಾಗಿತ್ತು ಅನ್ನುವ ಕಥೆ ಇದೆ. ಬೆರೆಸಿದ ಲೋಹಗಳ ತೀರಾ ಸೂಕ್ಷ್ಮ ಕಣಗಳು ನಿಧಾನವಾಗಿ ಒಳಗೆ ಕಟ್ಟಿಕೊಳ್ಳುತ್ತವೆ, ಅವೇ ಲೋಹವನ್ನು ಬಿಗಿಯಾಗಿ ಹಿಡಿಯುತ್ತವೆ. ಅಲ್ಯೂಮಿನಿಯಂ ವಿಮಾನ ಸಾಧ್ಯವಾದದ್ದು ಈ ಗುಣದಿಂದ. 6061ರ ಹೆಸರಿನ ಪಕ್ಕ ಟಿ6 ಎಂದು ಬರೆದಿದ್ದರೆ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟು ಈ ಕಣಗಳನ್ನು ಹದವಾಗಿ ಬೆಳೆಸಿದ್ದಾರೆ ಎಂದು ಅರ್ಥ. ಟಿ6 ಸ್ಥಿತಿಯಲ್ಲಿ ಅದು ಬಾಗದೆ ತಡೆಯುವ ಒತ್ತಡ ಸುಮಾರು 276 ಮೆಗಾಪಾಸ್ಕಲ್. ಪೂರ್ತಿ ಮೆತ್ತಗಾದ ಅದೇ ಲೋಹದ್ದು 55. ಐದರಲ್ಲಿ ಒಂದು ಪಾಲು!

ಈಗ ಅದೇ ಲೋಹದ ಪಕ್ಕದಲ್ಲಿ ಲೇಸರ್ ಹಾದುಹೋಯಿತು. 175 ಡಿಗ್ರಿಯ ಹದ ಇದ್ದದ್ದು 660ಕ್ಕೆ ಹೋಯಿತು. ಅಂಚಿನ ತುದಿಯಲ್ಲಿ ಲೋಹ ಕರಗಿ ಮತ್ತೆ ಹೆಪ್ಪುಗಟ್ಟಿದ ಪದರ. ಅದರ ಹಿಂದೆ ಕರಗದಿದ್ದರೂ ಹದ ತಪ್ಪಿದ ಪದರ. ಎರಡೂ ಸೇರಿ ಸಾಮಾನ್ಯವಾಗಿ ಮಿಲಿಮೀಟರಿನ ಒಂದು ಸಣ್ಣ ಭಾಗ, ಅಷ್ಟೇ. ಆದರೆ 6000 ಮತ್ತು 7000 ಸರಣಿಯ ಮಿಶ್ರಲೋಹಗಳಿಗೆ ಇನ್ನೊಂದು ಕೆಟ್ಟ ಚಾಳಿ ಇದೆ. ಹೆಪ್ಪುಗಟ್ಟುವಾಗ ಕೊನೆಯ ದ್ರವ ಲೋಹದ ಹರಳುಗಳ ಸಂದಿಯಲ್ಲಿ ಉಳಿದುಕೊಳ್ಳುತ್ತದೆ. ಅಷ್ಟರಲ್ಲಿ ಸುತ್ತಲಿನ ಲೋಹ ಕುಗ್ಗುತ್ತದೆ. ಸಂದಿ ಬಿಡುತ್ತದೆ. ಕಣ್ಣಿಗೆ ಕಾಣದ ಬಿರುಕು.

ನಾಮಫಲಕಕ್ಕೋ, ಪ್ಯಾನೆಲ್ ಬೋರ್ಡಿನ ಬ್ರಾಕೆಟ್ಟಿಗೋ ಇದರಿಂದ ಏನೂ ಆಗುವುದಿಲ್ಲ. ಸುಮ್ನೆ ಹೆದರುವ ಅಗತ್ಯ ಇಲ್ಲ. ಬಾಗಿಸುವ ಕೆಲಸ ಇದ್ದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಅಂಗಡಿಯಲ್ಲಿ ಎಚ್‌ಇ30 ಎಂದು ಕೇಳಿದರೆ ಸಿಗುವುದು 6082, ಅದೂ ಹದ ಮಾಡಿ ಗಟ್ಟಿಯಾದ ಜಾತಿ. ಅದನ್ನು ಲೇಸರ್‌ನಲ್ಲಿ ಕತ್ತರಿಸಿ ಶೀಟು ಬಾಗಿಸುವ ಮಷೀನಾದ ಪ್ರೆಸ್ ಬ್ರೇಕಿಗೆ ಹಾಕಿದರೆ ಬೆಂಡಿನ ತುದಿಯಲ್ಲಿ, ಅಂಚಿನಿಂದಲೇ ಬಿರುಕು ಬಿಡುವುದು ಮಾಮೂಲು. ಆಪರೇಟರ್ ಬ್ರೇಕಿನವನನ್ನು ಬೈಯುತ್ತಾನೆ, ಬ್ರೇಕಿನವನು ಶೀಟನ್ನು ಬೈಯುತ್ತಾನೆ. ಬಾಗಿಸುವ ಕೆಲಸಕ್ಕೆ 5052 ಎಂಬ ಬೇರೆ ಜಾತಿಯ ಅಲ್ಯೂಮಿನಿಯಂ ತಗೊಂಡಿದ್ದರೆ ಈ ಜಗಳ ಬಹುಪಾಲು ಇರುತ್ತಿರಲಿಲ್ಲ. ಅದರ ಶಕ್ತಿ ಬರುವುದು ಈ ಸೂಕ್ಷ್ಮ ಕಣಗಳಿಂದಲ್ಲ.

ವಿಮಾನದ ಕೆಲಸದಲ್ಲಿ ಮಾತ್ರ ಈ ಬಿರುಕಿಗೆ ಕ್ಷಮೆ ಇಲ್ಲ. ಅದಕ್ಕೆ ಇತಿಹಾಸವೂ ಇದೆ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ತನಿಖೆಯಲ್ಲಿ ಗೊತ್ತಾದದ್ದು ಲೋಹದ ದಣಿವು. ಒತ್ತಡ ಏರಿ ಇಳಿದು ಏರಿ ಇಳಿದು, ಕಿಟಕಿಯಂಥ ತೆರಪುಗಳ ಮೂಲೆಯ ತೂತುಗಳ ಬಳಿ ಸಣ್ಣ ಬಿರುಕು ಬೆಳೆದು ಇಡೀ ಒಡಲನ್ನೇ ಸೀಳಿತ್ತು. ಆ ತೂತುಗಳಿಗೂ ಲೇಸರ್‌ಗೂ ಸಂಬಂಧ ಇಲ್ಲ, ಲೇಸರ್ ಆಗ ಹುಟ್ಟಿರಲೇ ಇಲ್ಲ. ಆದರೆ ತೂತಿನ ಅಂಚು ಅಂದರೆ ವಿಮಾನದವರು ಇಷ್ಟು ಕಟ್ಟುನಿಟ್ಟು ಯಾಕೆ ಅನ್ನುವುದು ಇದರಿಂದ ಅರ್ಥವಾಗುತ್ತದೆ. ಇವತ್ತಿಗೂ ವಿಮಾನದ ಒಡಲಿನ ರಿವೆಟ್ ತೂತುಗಳನ್ನು ಡ್ರಿಲ್ ಹಾಕಿಯೇ ಕೊರೆಯುತ್ತಾರೆ. ಶೀಟನ್ನು ಲೇಸರ್‌ನಲ್ಲಿ ಕತ್ತರಿಸಿದರೂ ಅಂಚಿನಲ್ಲಿ ಸ್ವಲ್ಪ ಜಾಸ್ತಿ ಬಿಟ್ಟು, ಆಮೇಲೆ ಮಿಲ್ಲಿಂಗ್‌ನಲ್ಲಿ ಆ ಕೆಟ್ಟ ಪದರವನ್ನು ತೆಗೆಯುವುದು ರೂಢಿ.

ಟೈಟಾನಿಯಂ ಕೇಳುವುದೇ ಬೇರೆ

ಟೈಟಾನಿಯಂನ ಸ್ವಭಾವ ಪೂರ್ತಿ ಉಲ್ಟಾ. ಬೆಳಕನ್ನು ಚೆನ್ನಾಗಿ ಹೀರುತ್ತದೆ. ಶಾಖವನ್ನು ಪಕ್ಕಕ್ಕೆ ಬಿಡುವುದೇ ಇಲ್ಲ; ವಿಮಾನದಲ್ಲಿ ಹೆಚ್ಚು ಬಳಸುವ 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ ಇರುವ ಟೈಟಾನಿಯಂ ಶಾಖ ಸಾಗಿಸುವುದು 6061ರ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ಹಾಗಾಗಿ ಕತ್ತರಿಸುವುದು ಸುಲಭ. ಇಲ್ಲಿನ ತೊಂದರೆ ಗ್ಯಾಸಿನದು. ಬಿಸಿ ಟೈಟಾನಿಯಂ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಆಮ್ಲಜನಕ ಕೊಟ್ಟರೆ ಉರಿಯುತ್ತದೆ. ನೈಟ್ರೋಜನ್ ಕೊಟ್ಟರೆ ಅದನ್ನೂ ಹೀರಿ ಅಂಚಿನಲ್ಲಿ ಟೈಟಾನಿಯಂ ನೈಟ್ರೈಡ್ ಆಗುತ್ತದೆ. ನೋಡಲು ಬಂಗಾರದ ಬಣ್ಣ, ಗುಣದಲ್ಲಿ ಗಾಜಿನಂತೆ ಪೆಡಸು. ಗೊತ್ತಿಲ್ಲದವರು ಬಣ್ಣ ಚೆನ್ನಾಗಿದೆ ಅಂತ ಖುಷಿಪಡುತ್ತಾರೆ!

ಒಳ್ಳೆಯ ಅಂಚು ಬೇಕಾದರೆ ಆರ್ಗಾನ್ ಬೇಕು. ದುಬಾರಿ, ಆದರೆ ಬೇರೆ ದಾರಿ ಇಲ್ಲ. ಆರ್ಗಾನ್ ಹಾಕಿಯೂ ಸ್ವಲ್ಪ ಗಾಳಿ ಸೋಂಕಿದರೆ ಆಮ್ಲಜನಕ ಸೇರಿದ ಪೆಡಸು ಪದರ ಉಳಿಯುತ್ತದೆ. ಅದನ್ನು ತೆಗೆಯಲು ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದ ಮಿಶ್ರಣದಲ್ಲಿ ಅದ್ದಬೇಕು. ಹೈಡ್ರೋಫ್ಲೋರಿಕ್ ಆಮ್ಲ ಚರ್ಮ ದಾಟಿ ಮೂಳೆಯವರೆಗೆ ಹೋಗುವಂಥದ್ದು. ಸಣ್ಣ ಶೆಡ್ಡಿನಲ್ಲಿ ಬಕೆಟ್ ಇಟ್ಟುಕೊಂಡು ಮಾಡುವ ಕೆಲಸ ಅಲ್ಲ.

ಒಂದು ಕೋಟಿ ತೂತು

ಕಟಿಂಗ್ ಬಿಟ್ಟು ಕೊರೆಯುವ ಕಡೆಗೆ ಬಂದರೆ ಈ ಟೈಟಾನಿಯಂನಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ವಿಮಾನದ ರೆಕ್ಕೆಯ ಮೇಲೆ ಹರಿಯುವ ಗಾಳಿ ಮುಂದಿನ ಅಂಚಿನಲ್ಲಿ ಪದರ ಪದರವಾಗಿ ಶಾಂತವಾಗಿರುತ್ತದೆ, ಸ್ವಲ್ಪ ಹಿಂದೆ ಹೋದ ಹಾಗೆ ಕದಡಿಬಿಡುತ್ತದೆ. ಕದಡಿದ ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ, ಇಂಧನ ಜಾಸ್ತಿ ಬೇಕಾಗುತ್ತದೆ. ರೆಕ್ಕೆಯ ಚರ್ಮಕ್ಕೆ ಅಂಟಿಕೊಂಡ ಆ ತೆಳು ಗಾಳಿಯನ್ನು ಸಣ್ಣ ಸಣ್ಣ ತೂತುಗಳಿಂದ ಒಳಗೆ ಎಳೆದುಕೊಂಡರೆ? ಕದಡುವುದನ್ನು ತಡೆಯಬಹುದು. ನಾಸಾದವರು 1995-96ರಲ್ಲಿ ಎಫ್-16ಎಕ್ಸ್‌ಎಲ್ ಎಂಬ ವಿಮಾನದ ಎಡರೆಕ್ಕೆಗೆ ಟೈಟಾನಿಯಂ ಹೊದಿಕೆ ತೊಡಿಸಿ ಇದನ್ನು ಹಾರಿಸಿ ನೋಡಿದರು. ಆ ಹೊದಿಕೆಯಲ್ಲಿ ಲೇಸರ್‌ನಿಂದ ಕೊರೆದ ಒಂದು ಕೋಟಿಗೂ ಹೆಚ್ಚು ತೂತುಗಳಿದ್ದವು, ಒಂದೊಂದೂ ಕೂದಲೆಳೆಯ ಅಳತೆ.

ಸೆಕೆಂಡಿಗೆ ಒಂದರಂತೆ ಕೊರೆದರೆ ಕೋಟಿ ತೂತಿಗೆ ಹಗಲು ರಾತ್ರಿ ಸೇರಿ 115 ದಿನ ಬೇಕು. ಸೆಕೆಂಡಿಗೆ ನೂರು ಕೊರೆದರೆ 28 ಗಂಟೆ ಸಾಕು. ಯಾವ ಡ್ರಿಲ್ ಬಿಟ್ಟಿಗೂ ಸಾಧ್ಯವಿಲ್ಲದ ಕೆಲಸ, ಅಷ್ಟು ಸಣ್ಣ ಬಿಟ್ ಟೈಟಾನಿಯಂ ಮುಟ್ಟಿದರೆ ಮುರಿಯುತ್ತದೆ. ಲೇಸರ್ ಆದರೆ ಶೀಟು ಓಡುತ್ತಿರುವಾಗಲೇ ಒಂದೊಂದು ಪಲ್ಸ್‌ಗೆ, ಅಂದರೆ ಬೆಳಕಿನ ಒಂದೊಂದು ಮಿಡಿತಕ್ಕೆ, ಒಂದೊಂದು ತೂತು ಹೊಡೆಯುತ್ತಾ ಹೋಗಬಲ್ಲದು.

ಆದರೆ ಅಲ್ಲೂ ಅಂಚಿನ ಪ್ರಶ್ನೆ ಬಿಡುವುದಿಲ್ಲ. ಎಷ್ಟು ಹೊತ್ತು ಬೆಳಕು ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ. 6061ರಲ್ಲಿ ಒಂದು ಮಿಲಿಸೆಕೆಂಡ್ ಪಲ್ಸ್‌ನ ಶಾಖ ಸುಮಾರು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹರಡುತ್ತದೆ. ಪಲ್ಸನ್ನು 10 ನ್ಯಾನೋಸೆಕೆಂಡಿಗೆ ಇಳಿಸಿದರೆ ಹರಡುವುದು ಎರಡು ಮೈಕ್ರಾನ್‌ಗಿಂತ ಕಡಿಮೆ. ಇನ್ನೂ ಕೆಳಗೆ, ಫೆಮ್ಟೋಸೆಕೆಂಡ್ ಅಂದರೆ ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು, ಅದರ ಹತ್ತು ಕೋಟಿಯಲ್ಲಿ ಒಂದು ಪಾಲು. ಆ ಹೊತ್ತಿನಲ್ಲಿ ಎಲೆಕ್ಟ್ರಾನ್‌ಗಳು ಹೀರಿದ ಶಕ್ತಿ ಪರಮಾಣುಗಳ ಜಾಲಕ್ಕೆ ಇನ್ನೂ ಪೂರ್ತಿ ತಲುಪಿಯೇ ಇರುವುದಿಲ್ಲ. ದೀಪದ ಕುಡಿಯ ನಡುವೆ ಬೆರಳನ್ನು ಸರ್ರನೆ ಆಡಿಸಿದರೆ ಸುಡುವುದಿಲ್ಲವಲ್ಲ, ಹಾಗೆ. ಬೆಳಕು ಬಿದ್ದ ಜಾಗದ ಲೋಹ ಆವಿಯಾಗಿ ಹಾರಿಹೋಗುತ್ತದೆ, ಪಕ್ಕದ ಲೋಹಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಇಂಥ ಕಿರುಪಲ್ಸ್‌ಗಳನ್ನು ಬಲವಾಗಿ ಮಾಡುವ ವಿಧಾನವನ್ನು 1985ರಲ್ಲಿ ತೋರಿಸಿದ ಡೋನಾ ಸ್ಟ್ರಿಕ್ಲಂಡ್ ಮತ್ತು ಜೆರಾರ್ ಮೊರು ಅವರಿಗೆ 2018ರಲ್ಲಿ ನೊಬೆಲ್ ಬಂತು.

ಹಾಗಾದರೆ ಎಲ್ಲರೂ ಅದನ್ನೇ ಯಾಕೆ ಬಳಸಬಾರದು? ಒಂದು ಪಲ್ಸ್‌ಗೆ ತೆಗೆಯುವುದು ಹತ್ತಾರು ನ್ಯಾನೋಮೀಟರ್, ಹೆಚ್ಚೆಂದರೆ ನೂರಾರು. ಒಂದು ಮಿಲಿಮೀಟರ್ ಆಳಕ್ಕೆ ಸಾವಿರಾರು ಪಲ್ಸ್ ಬೇಕು. ವೇಗ ಬೇಕೆಂದು ಸೆಕೆಂಡಿಗೆ ಲಕ್ಷಗಟ್ಟಲೆ ಪಲ್ಸ್ ಹೊಡೆದರೆ ಒಂದರ ಉಳಿಕೆ ಶಾಖ ಆರುವ ಮೊದಲೇ ಇನ್ನೊಂದು ಬೀಳುತ್ತದೆ, ಶಾಖ ಒಟ್ಟುಗೂಡಿ ಹಳೆಯ ಕರಗಿದ ಪದರವೇ ವಾಪಸ್ ಬರುತ್ತದೆ. ಅದಕ್ಕೇ ಇಲ್ಲೂ ಪವರ್ ಜಾಸ್ತಿ ಅಂದ ಮಾತ್ರಕ್ಕೆ ಕೆಲಸ ಒಳ್ಳೆಯದು ಅನ್ನುವ ಹಾಗಿಲ್ಲ. ಕಿರಣವನ್ನು ಎಷ್ಟು ಬೇಗ ಬೇರೆ ಜಾಗಕ್ಕೆ ಸರಿಸಬಹುದು, ಒಂದೇ ಕಿರಣವನ್ನು ಎಷ್ಟು ಭಾಗ ಮಾಡಬಹುದು ಅನ್ನುವುದರ ಮೇಲೆ ಈಗ ಸಂಶೋಧನೆ ನಡೆಯುತ್ತಿದೆ.

ಧೂಳು

ಹಗುರ ಲೋಹಗಳ ಬಗ್ಗೆ ಬರೆಯುವಾಗ ಇದೊಂದನ್ನು ಬಿಡಲು ನನಗೆ ಮನಸ್ಸಿಲ್ಲ, ಯಾಕೆಂದರೆ ಮಷೀನು ಮಾರುವವರು ಇದನ್ನು ಕೊನೆಯಲ್ಲಿ ಹೇಳುತ್ತಾರೆ, ಇಲ್ಲ ಹೇಳುವುದೇ ಇಲ್ಲ.

ಲೇಸರ್‌ನಿಂದ ಏಳುವ ಅಲ್ಯೂಮಿನಿಯಂ ಧೂಳು ತೀರಾ ನಯ. ಅದು ಗಾಳಿಯಲ್ಲಿ ಹರಡಿದಾಗ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. 2014ರ ಆಗಸ್ಟ್ 2ರಂದು ಚೀನಾದ ಕುನ್‌ಶಾನ್‌ನಲ್ಲಿ ಅಲ್ಯೂಮಿನಿಯಂ ಚಕ್ರಗಳನ್ನು ಪಾಲಿಶ್ ಮಾಡುವ ಕಾರ್ಖಾನೆ ಹೀಗೇ ಸಿಡಿಯಿತು. ಅಂದೇ 75 ಮಂದಿ ಸತ್ತರು, ಕೊನೆಗೆ ಸತ್ತವರ ಲೆಕ್ಕ ನೂರು ದಾಟಿತು. ಧೂಳು ಹಿಡಿಯುವ ಡಬ್ಬಿಯಲ್ಲಿ ತೇವ ಸೇರಿ, ಅಲ್ಯೂಮಿನಿಯಂ ಪುಡಿ ತಾನೇ ಬಿಸಿಯಾಗಿದ್ದು ಕಾರಣ ಎಂದು ತನಿಖೆ ಹೇಳಿತು.

ನಮ್ಮ ಜಾಬ್ ವರ್ಕ್ ಅಂಗಡಿಯ ರೂಢಿ ಏನು? ಬೆಳಗ್ಗೆ ಎಂ.ಎಸ್., ಮಧ್ಯಾಹ್ನ ಅಲ್ಯೂಮಿನಿಯಂ. ಎರಡರ ಧೂಳೂ ಒಂದೇ ಡಸ್ಟ್ ಕಲೆಕ್ಟರ್‌ಗೆ. ಆಮ್ಲಜನಕದಲ್ಲಿ ಕತ್ತರಿಸಿದ ಎಂ.ಎಸ್. ಧೂಳು ಅಂದರೆ ಕಬ್ಬಿಣದ ಆಕ್ಸೈಡ್. ಅದಕ್ಕೆ ನಯವಾದ ಅಲ್ಯೂಮಿನಿಯಂ ಪುಡಿ ಸೇರಿದರೆ ರೈಲು ಹಳಿ ಬೆಸೆಯಲು ಬಳಸುವ ಥರ್ಮೈಟ್ ತಯಾರು. ಹೊತ್ತಿಕೊಂಡರೆ 2,000 ಡಿಗ್ರಿ ದಾಟುತ್ತದೆ, ನೀರು ಹಾಕಿದರೆ ಇನ್ನೂ ಅನಾಹುತ. ಲೋಹ ಬದಲಿಸುವಾಗ ಫಿಲ್ಟರ್, ಡಬ್ಬಿ, ಕೆಳಗಿನ ಟ್ರೇ ಎಲ್ಲ ಖಾಲಿ ಮಾಡಬೇಕು. ಆಗಾಗ ಅಲ್ಯೂಮಿನಿಯಂ ಕೆಲಸ ಇದ್ದರೆ ಬೇರೆಯೇ ಕಲೆಕ್ಟರ್ ಇಡಬೇಕು. ಆರ್ಡರ್ ಅರ್ಜೆಂಟ್ ಇರುವ ದಿನ ಇದನ್ನು ಯಾರು ಮಾಡುತ್ತಾರೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.

ಮೆಗ್ನೀಸಿಯಂ ಕೆಲಸ ಒಪ್ಪಿಕೊಳ್ಳುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಅಲ್ಯೂಮಿನಿಯಂಗಿಂತ ಮೂರನೇ ಒಂದು ಪಾಲು ಹಗುರ, ಕತ್ತರಿಸಲು ಅಂಥ ಕಷ್ಟವೂ ಇಲ್ಲ. ಆದರೆ ಅದರ ಪುಡಿ ಹೊತ್ತಿಕೊಂಡರೆ ಗೋಡೆಯಲ್ಲಿ ನೇತುಹಾಕಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೆಲಸಕ್ಕೆ ಬರುವುದಿಲ್ಲ, ಆ ಅನಿಲದಲ್ಲೂ ಅದು ಉರಿಯುತ್ತದೆ. ನೀರು ಬಿದ್ದರೆ ಹೈಡ್ರೋಜನ್ ಹುಟ್ಟುತ್ತದೆ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿ ಬೇಕು, ಅದೂ ಕೈಗೆ ಸಿಗುವ ಜಾಗದಲ್ಲಿ.

ಕಣ್ಣಿನ ವಿಷಯವೂ ಇದೆ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಬೆಳಕನ್ನು ಪಾರದರ್ಶಕ ಅಕ್ರಿಲಿಕ್ ಹಾಳೆ ತಡೆಯುತ್ತಿತ್ತು. ಫೈಬರ್ ಲೇಸರ್‌ನ ಬೆಳಕು ಅದರಲ್ಲಿ ಆರಾಮಾಗಿ ದಾಟುತ್ತದೆ, ಕಣ್ಣಿನ ಲೆನ್ಸನ್ನೂ ದಾಟಿ ರೆಟಿನಾ ಮೇಲೆ ಹೋಗಿ ಕೂಡುತ್ತದೆ. ಕಾಣುವುದಿಲ್ಲವಾದ್ದರಿಂದ ರೆಪ್ಪೆ ಮುಚ್ಚುವುದೂ ಇಲ್ಲ. ಅಲ್ಯೂಮಿನಿಯಂ ಅಂದರೆ ವಾಪಸ್ ಬರುವ ಬೆಳಕು ಇನ್ನೂ ಜಾಸ್ತಿ. ಸುತ್ತ ಕವಚವೇ ಇಲ್ಲದ ಅಗ್ಗದ ತೆರೆದ ಮಷೀನುಗಳನ್ನು ತಂದು, ಮುಂದೆ ಒಂದು ಅಕ್ರಿಲಿಕ್ ಹಾಳೆ ನಿಲ್ಲಿಸಿ ಸುರಕ್ಷತೆ ಆಯ್ತು ಅಂದುಕೊಳ್ಳುವುದು ಬರೀ ಭ್ರಮೆ.

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. 6 ಕಿಲೋವ್ಯಾಟ್ ಇರುವವರು 12ಕ್ಕೆ ಹೋಗುವ ಮೊದಲು ಆ ವ್ಯತ್ಯಾಸದ ದುಡ್ಡಿನಲ್ಲಿ ಒಂದು ಪಾಲನ್ನು ಗ್ಯಾಸ್ ವ್ಯವಸ್ಥೆಗೆ, ಒಂದು ಪಾಲನ್ನು ಧೂಳಿಗೆ, ಒಂದು ಸಣ್ಣ ಪಾಲನ್ನು ಅಂಚು ಪರೀಕ್ಷೆಗೆ ಇಡಬೇಕು. ಕತ್ತರಿಸಿದ ತುಂಡಿನಿಂದ ಬೆರಳಿನ ಉಗುರಿನಷ್ಟು ಮಾದರಿ ತೆಗೆದು, ರಾಳದಲ್ಲಿ ಕೂರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ಆಮ್ಲದ ದ್ರಾವಣದಲ್ಲಿ ಕ್ಷಣ ಅದ್ದಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸಾಕು. ಹೆಪ್ಪುಗಟ್ಟಿದ ಪದರ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ, ಬಿರುಕು ಇದ್ದರೆ ಕಪ್ಪು ಗೆರೆಯಾಗಿ ಒಳಗೆ ಇಳಿದಿರುತ್ತದೆ. ಅಂಚಿನಿಂದ ಒಳಗೆ ಹೋಗುತ್ತಾ ಗಡಸುತನ ಅಳೆದರೆ ಎಲ್ಲಿವರೆಗೆ ಹದ ತಪ್ಪಿದೆ ಅನ್ನುವುದೂ ಗೊತ್ತಾಗುತ್ತದೆ. ಈ ಸಲಕರಣೆ ನಾವೇ ಇಟ್ಟುಕೊಳ್ಳಬೇಕೆಂದೇನೂ ಇಲ್ಲ, ಬೆಂಗಳೂರಿನಲ್ಲಿ ಲೋಹ ಪರೀಕ್ಷೆಯ ಲ್ಯಾಬುಗಳಿಗೆ ಬರ ಇಲ್ಲ. 1962ರಿಂದ ಇರುವ ಕೇಂದ್ರ ಸರ್ಕಾರದ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐ ತುಮಕೂರು ರಸ್ತೆಯಲ್ಲಿ, ಪೀಣ್ಯಕ್ಕೆ ಹೋಗುವ ದಾರಿಯಲ್ಲೇ ಇದೆ.

ವಿಮಾನದ ಕಂಪನಿಗಳು ಲೇಸರ್ ಕೆಲಸವನ್ನು ವಿಶೇಷ ಪ್ರಕ್ರಿಯೆ ಎಂದು ಪರಿಗಣಿಸುತ್ತವೆ. ನ್ಯಾಡ್‌ಕ್ಯಾಪ್ ಎಂಬ ಅಂತಾರಾಷ್ಟ್ರೀಯ ಮಾನ್ಯತಾ ವ್ಯವಸ್ಥೆಯಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಆಡಿಟರ್ ಬಂದು ನೋಡುವುದು ಮಷೀನಿನ ಮೇಲಿನ ಸಂಖ್ಯೆಯನ್ನಲ್ಲ. ಯಾವ ಬ್ಯಾಚಿಗೆ ಯಾವ ಗ್ಯಾಸ್ ಹಾಕಿದಿರಿ, ನಾಜಲ್ ಯಾವಾಗ ಬದಲಿಸಿದಿರಿ, ಮಾದರಿ ತುಂಡಿನ ಪದರ ಎಷ್ಟು ದಪ್ಪ ಬಂತು, ಬರೆದಿಟ್ಟಿದ್ದೀರಾ, ಇಷ್ಟೇ. ಬರೆದಿಡುವುದು ನಮ್ಮ ಸಣ್ಣ ಕಾರ್ಖಾನೆಗಳಿಗೆ ಒಗ್ಗದ ಕೆಲಸ, ಒಪ್ಪಿಕೊಳ್ಳೋಣ. ಕೆಲಸ ಗೊತ್ತಿರುವ ಆಪರೇಟರ್‌ನ ತಲೆಯಲ್ಲೇ ಎಲ್ಲ ಇರುತ್ತದೆ, ಅವನು ಪಕ್ಕದ ಅಂಗಡಿಗೆ ಹೋದ ದಿನ ಅದೂ ಹೋಗುತ್ತದೆ.

ಗಿರಾಕಿಗಳ ಕಡೆಯೂ ತಪ್ಪಿದೆ. ಬಹಳಷ್ಟು ಡ್ರಾಯಿಂಗ್‌ಗಳಲ್ಲಿ ಅಳತೆ ಇರುತ್ತದೆ, ಲೋಹದ ಹೆಸರು ಇರುತ್ತದೆ, ಅಂಚಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಲೇಸರ್ ಅಂಚು ಹಾಗೇ ನಡೆಯುತ್ತದೆಯೋ, ಅರ್ಧ ಮಿಲಿಮೀಟರ್ ಮಿಲ್ಲಿಂಗ್ ಮಾಡಿ ಕೊಡಬೇಕೋ, ಯಾವ ತೂತುಗಳನ್ನು ಡ್ರಿಲ್‌ನಲ್ಲೇ ಹಾಕಬೇಕೋ, ಕೊಟೇಶನ್ ಕೊಡುವ ಮೊದಲೇ ಒಂದು ಇಮೇಲ್ ಹಾಕಿ ಕೇಳಬಹುದು. ಕೇಳಿದರೆ ಕೆಲವರು ಗೊತ್ತಿಲ್ಲ ಅನ್ನುತ್ತಾರೆ, ಕೆಲವರು ರೇಟು ಜಾಸ್ತಿ ಮಾಡಲು ನೆಪ ಅನ್ನುತ್ತಾರೆ. ಉತ್ತರ ಗೊತ್ತಿರುವ ಗಿರಾಕಿಯ ಕೈಯಲ್ಲಿ ಮಾತ್ರ ಪೀಸ್ ಲೆಕ್ಕದ ಕೆಲಸ ಇರುತ್ತದೆ.